ಮಳೆಗೆ ಮುಂಚಿನ ಮೂರು ವಾರ: ಕಾಡುಮಾವು, ಹಲಸು, ಅತ್ತೆಯ ಭರಣಿ

ಪ್ರಶ್ನೆ: ಅಕ್ಕಾ, ಎರಡು ವರ್ಷದ ಹಿಂದೆ ಮೈಸೂರು ಬಿಟ್ಟು ವಿರಾಜಪೇಟೆ ಹತ್ತಿರದ ಗಂಡನ ಮನೆಗೆ ಬಂದೆವು. ಅತ್ತೆ ತೀರಿಕೊಂಡಿದ್ದಾರೆ, ಕೇಳೋಣ ಅಂದರೆ ಮನೆಯಲ್ಲಿ ಹಿರಿಯರು ಯಾರೂ ಇಲ್ಲ. ಮೇ ತಿಂಗಳು ಬಂತು ಅಂದರೆ ಕಾಡುಮಾವು ಉದುರಿ ಅಂಗಳ ತುಂಬುತ್ತೆ. ಏಳು ಹಲಸಿನ ಮರ ಇವೆ. ಗಾಂಧಾರಿ ಮೆಣಸು, ಬಾಳೆ, ಕುಂಬಳ, ಬೆಣ್ಣೆಹಣ್ಣು ಎಲ್ಲಾ ಇದೆ. ಅರ್ಧಕ್ಕರ್ಧ ಕೊಳೆತು ಹೋಗುತ್ತೆ. ಹೋದ ವರ್ಷ ಕಾಡುಮಾವು ಆರಿಸಿ ಉಪ್ಪಿಗೆ ಹಾಕಿದ್ದೆ. ಜುಲೈ ಹೊತ್ತಿಗೆ ಮೆತ್ತಗಾಗಿ ಮೇಲೆ ಬಿಳಿ ಪೊರೆ ಕಟ್ಟಿತು, ಎಲ್ಲಾ ಚೆಲ್ಲಿದೆ. ಈ ವರ್ಷ ಏನು ಮಾಡಲಿ? ಮಳೆ ಹಿಡಿದ ಮೇಲೆ ತೋಟದ ಅಂಚಲ್ಲಿ ಬರುವ ಕೆಸ, ಕಣಿಲೆ (ಎಳೆ ಬಿದಿರು), ಅಣಬೆ ತಂದು ಅಡುಗೆ ಮಾಡಬಹುದಾ? ಅಟ್ಟದ ಮೇಲೆ ಅತ್ತೆಯ ಮೂರು ಭರಣಿ ಇವೆ, ಅವು ಇನ್ನೂ ಬಳಕೆಗೆ ಬರುತ್ತವಾ?

ಉತ್ತರ: ನಿಮ್ಮ ಪತ್ರ ಕೈಗೆ ಬಂದಾಗ ಮೇ ಅರ್ಧ ಮುಗಿದಿದೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅಲ್ಲಿ ಬಂದ ಮೇಲೆ ನಮ್ಮ ಬೆಟ್ಟ ಹತ್ತೋಕೆ ಅದಕ್ಕೆ ಜಾಸ್ತಿ ದಿನ ಬೇಡ. ಅಂದರೆ ಕೈಯಲ್ಲಿ ಮೂರು ವಾರ ಇದೆ ಅಂತ ಇಟ್ಟುಕೊಳ್ಳಿ. ಆ ಮೂರು ವಾರದಲ್ಲೂ ಬಿಸಿಲು ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಮೂರಕ್ಕೆ ಗುಡುಗು, ನಾಲ್ಕಕ್ಕೆ ಮಳೆ.

ಹಾಗಾಗಿ ಬಿಸಿಲನ್ನು ನಂಬುವ ಕೆಲಸ ಈ ವರ್ಷಕ್ಕೆ ಬಿಟ್ಟುಬಿಡಿ. ಹಲಸಿನ ಹಪ್ಪಳ, ಸಂಡಿಗೆ, ಮಾಂಬಳ (ಮಾವಿನ ರಸ ಒಣಗಿಸಿದ ಹಾಳೆ) ಇವೆಲ್ಲ ಏಪ್ರಿಲ್‌ನಲ್ಲಿ ಶುರುವಾಗಬೇಕಿತ್ತು. ಕಾಫಿ ಒಣಗಿಸುವ ಕಣ ಖಾಲಿಯಾದ ಕೂಡಲೇ ಅಲ್ಲಿ ಚಾಪೆ ಬೀಳಬೇಕಿತ್ತು. ಈಗ ಹಪ್ಪಳ ತಟ್ಟಿದರೆ ಎರಡನೇ ದಿನಕ್ಕೆ ಅರೆ ಒಣಗಿ, ಮೂರನೇ ದಿನಕ್ಕೆ ಬೂಷ್ಟು ಹಿಡಿಯುತ್ತೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಹಟ ಮಾಡಿ ಇನ್ನೂರು ಹಪ್ಪಳ ಹಂದಿಗೆ ಹಾಕಿದ್ದೇನೆ. ಈಗ ನಿಮ್ಮ ಕೈಯಲ್ಲಿ ಉಳಿದಿರುವುದು ಉಪ್ಪು ಮತ್ತು ಒಲೆ. ಅಷ್ಟು ಸಾಕು.

ಮೊದಲು ನಿಮ್ಮ ಹೋದ ವರ್ಷದ ಕಾಡುಮಾವಿನ ವಿಷಯ. ನೀವು “ಆರಿಸಿ” ಅಂತ ಬರೆದಿದ್ದೀರಿ. ತಪ್ಪಾಗಿದ್ದು ಅಲ್ಲೇ. ಅಂಗಳದಲ್ಲಿ ಬಿದ್ದಿರುವುದು ಒಂದು, ಮರದಿಂದ ಕಿತ್ತಿದ್ದು ಇನ್ನೊಂದು. ಬಿದ್ದ ಮಾವಿಗೆ ಎಲ್ಲೋ ಒಂದು ಕಡೆ ಪೆಟ್ಟಾಗಿರುತ್ತೆ. ಕಣ್ಣಿಗೆ ಕಾಣದಿದ್ದರೂ ಒಳಗೆ ಕಂದಿರುತ್ತೆ. ಭರಣಿಯಲ್ಲಿ ಕೊಳೆಯೋಕೆ ಶುರುವಾಗುವುದು ಆ ಜಾಗದಿಂದಲೇ. ಬಿದ್ದದ್ದನ್ನು ಅವತ್ತೇ ಸಾರೋ ಗೊಜ್ಜೋ ಮಾಡಿ ಮುಗಿಸಿ. ಭರಣಿಗೆ ಮರದಲ್ಲಿರುವ ಬಲಿತ ಕಾಯಿಯೇ ಆಗಬೇಕು. ದೋಟಿಗೆ ಬಲೆ ಕಟ್ಟಿಸಿ, ತೊಟ್ಟು ಒಂದು ಇಂಚು ಉಳಿಯುವ ಹಾಗೆ ಕೀಳಿಸಿ. ಒತ್ತಿದರೆ ಕಲ್ಲಿನ ಹಾಗಿರಬೇಕು. ಬಣ್ಣ ತಿರುಗಿದ್ದು ಒಂದೇ ಒಂದು ಇದ್ದರೂ ಪಕ್ಕಕ್ಕಿಡಿ.

ಕಿತ್ತ ಕಾಯಿಯನ್ನು ತೊಟ್ಟು ಕೆಳಗೆ ಮಾಡಿ ಗೋಣಿಚೀಲದ ಮೇಲೆ ಒಂದು ಗಂಟೆ ಇಡಿ. ಸೊನೆ ಇಳಿದು ಹೋಗಲಿ. ಆ ಸೊನೆ ಕೈಗೆ ಮುಖಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ಚರ್ಮ ಸುಟ್ಟ ಹಾಗೆ ಗುಳ್ಳೆ ಏಳುತ್ತೆ. ಆಮೇಲೆ ಒಂದೇ ಸಲ ತೊಳೆದು, ಒಂದೊಂದನ್ನೇ ಒರೆಸಿ, ಹತ್ತಿ ಸೀರೆ ಮೇಲೆ ನೆರಳಲ್ಲಿ ರಾತ್ರಿಯಿಡೀ ಹರಡಿ. ನೀರಿನ ಪಸೆ ಇರಲೇಬಾರದು. ನಮ್ಮ ಮನೆಯ ಲೆಕ್ಕ 5 ಕೆಜಿ ಕಾಯಿಗೆ 1 ಕೆಜಿ ಕಲ್ಲುಪ್ಪು. ಪುಡಿ ಉಪ್ಪು ಬೇಡ. ಅದು ಗಟ್ಟಿಯಾಗದಿರಲಿ ಅಂತ ಬೆರೆಸಿರುವ ಪುಡಿಯಿಂದ ಉಪ್ಪುನೀರು ಕಲಕಲಾಗುತ್ತೆ. ಒಂದು ಪದರ ಕಾಯಿ, ಒಂದು ಪದರ ಉಪ್ಪು, ಮೇಲೆ ಉಪ್ಪಿನ ದಪ್ಪ ಹೊದಿಕೆ.

ಇನ್ನು ನಿಮ್ಮ ಬಿಳಿ ಪೊರೆ. ಅದು ಬಂದಿದ್ದು ಕಾಯಿ ತೇಲಿದ್ದಕ್ಕೆ. ಉಪ್ಪುನೀರಿನಿಂದ ತಲೆ ಎತ್ತಿದ ಕಾಯಿಗೆ ಗಾಳಿ ಸಿಗುತ್ತೆ. ಅಲ್ಲಿ ಒಂದು ಜಾತಿಯ ಯೀಸ್ಟ್ ಬೆಳೆಯುತ್ತೆ. ಆ ಯೀಸ್ಟ್‌ನಿಂದ ನೇರವಾಗಿ ಅಪಾಯವಿಲ್ಲ. ತೆಳುವಾಗಿ, ಕಾಗದದ ಹಾಗೆ ಇದ್ದಾಗಲೇ ಚಮಚದಲ್ಲಿ ತೆಗೆದುಹಾಕಿದರೆ ಭರಣಿ ಉಳಿಯುತ್ತೆ. ಬಿಟ್ಟರೆ ಅದು ನೀರಿನಲ್ಲಿರುವ ಹುಳಿಯನ್ನು ತಿನ್ನುತ್ತಾ ಹೋಗುತ್ತೆ. ಹುಳಿ ಕಡಿಮೆಯಾದ ಮೇಲೆ ಬೇರೆ ಸೂಕ್ಷ್ಮಾಣುಗಳು ಬಂದು ಕಾಯಿ ಮೆತ್ತಗಾಗುತ್ತೆ. ನಿಮಗೆ ಆದದ್ದು ಅದೇ. ಹಸಿರು, ಕಪ್ಪು, ನವಿರು ನವಿರಾದ ಬೂಷ್ಟು ಬಂದಿದ್ದರೆ ಮಾತ್ರ ಯೋಚಿಸದೆ ಚೆಲ್ಲಿ.

ಕಾಯಿ ತೇಲದಿರೋಕೆ ಭಾರ ಬೇಕು. ಭರಣಿಯ ಬಾಯಿಯೊಳಗೆ ಇಳಿಯುವಂಥ ಪಿಂಗಾಣಿ ತಟ್ಟೆ, ಅದರ ಮೇಲೆ ಕುದಿಸಿ ಒಣಗಿಸಿದ ಹೊಳೆಕಲ್ಲು. ಮೂರು ನಾಲ್ಕು ದಿನ ದಿನಕ್ಕೊಂದು ಸಲ ಭರಣಿ ಅಲ್ಲಾಡಿಸಿ. ಮಿಡಿ ಬಿಡುವಷ್ಟು ನೀರನ್ನು ಬಲಿತ ಕಾಯಿ ಬಿಡಲ್ಲ. ನೀರು ಕಾಯಿಯ ಮೇಲೆ ಬರದಿದ್ದರೆ 1 ಲೀಟರ್‌ಗೆ 200 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ಆರಿಸಿ ಸುರಿಯಿರಿ. ಬಿಸಿ ಇರುವಾಗ ಸುರಿದರೆ ಕಾಯಿ ಅಲ್ಲೇ ಬೆಂದು ಹೋಗುತ್ತೆ. ಆಮೇಲೆ ಬಟ್ಟೆ ಕಟ್ಟಿ ಕತ್ತಲೆ ಮೂಲೆಗೆ ಸೇರಿಸಿ. ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು), ಹೊರಗೆ ಕಾಲಿಡೋಕೆ ಆಗದಂಥ ಮಳೆಯಲ್ಲಿ, ನಾಲ್ಕು ಕಾಯಿ ತೆಗೆದು ತೊಳೆದು ನೆನೆಸಿ, ಕಾಯಿತುರಿ, ಸೂಜಿ ಮೆಣಸು, ಸಾಸಿವೆ ಜೊತೆ ಅರೆದು ಮೊಸರು ಬೆರೆಸಿದರೆ ಗಂಜಿಗೆ ಬೇರೆ ಏನೂ ಬೇಡ.

ಬಿದ್ದ ಹಣ್ಣಿಗೆ ಬರೋಣ. ಕಾಡ್ ಮಾಂಗೆ ಕರಿ ನೀವು ನೆಂಟರ ಮನೆಯಲ್ಲಿ ಉಂಡೇ ಇರುತ್ತೀರಿ. ಮಾಡೋದು ಸುಲಭ, ಕೈ ಮಾತ್ರ ಅಂಟಂಟಾಗುತ್ತೆ. ಹದಿನೈದು ಹಣ್ಣಿನ ಸಿಪ್ಪೆ ಕೈಯಲ್ಲೇ ಸುಲಿಯಿರಿ. ಸಿಪ್ಪೆ ಎಸೆಯಬೇಡಿ. ಒಂದು ಲೋಟ ನೀರಲ್ಲಿ ಹಿಂಡಿ, ಆ ರಸವನ್ನೇ ಬೇಯಿಸೋಕೆ ಬಳಸಿ. ರುಚಿಯೆಲ್ಲಾ ಇರುವುದು ಅದರಲ್ಲೇ. ಹಣ್ಣು ಗೊರಟೆ ಸಮೇತ ಇಡಿಯಾಗಿ ಹೋಗಬೇಕು. ಸಣ್ಣ ಈರುಳ್ಳಿ, ಅರಿಸಿನ, ಖಾರದ ಪುಡಿ, ಉಪ್ಪು, ಬೆಲ್ಲ. ರಸ ಚಮಚಕ್ಕೆ ಅಂಟುವಷ್ಟು ಗಟ್ಟಿಯಾದಾಗ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಬೆಲ್ಲದ ಅಳತೆ ನಾನು ಹೇಳೋಕಾಗಲ್ಲ, ಯಾಕಂದರೆ ಕಾಡುಮಾವು ಮರದಿಂದ ಮರಕ್ಕೆ ಬೇರೆ. ನಮ್ಮ ಗೇಟಿನ ಪಕ್ಕದ್ದು ಜೇನು, ಕೆರೆ ಏರಿ ಮೇಲಿನದ್ದು ಬಾಯಿಗಿಟ್ಟರೆ ಕಣ್ಣು ಮುಚ್ಚಿಹೋಗುತ್ತೆ. ನಿಮ್ಮ ಮರಗಳ ಹಣ್ಣು ಒಂದೊಂದೇ ತಿಂದು ನೋಡಿ ಗುರುತಿಟ್ಟುಕೊಳ್ಳಿ. ಹುಳಿ ಮರದ್ದು ಉಪ್ಪಿಗೆ, ಸಿಹಿ ಮರದ್ದು ಸಾರಿಗೆ. ಅಕ್ಕಿ ಒತ್ತಿ (ಅಕ್ಕಿ ರೊಟ್ಟಿ) ಜೊತೆ ಬಡಿಸಿ. ಗೊರಟೆ ಚೀಪುವಾಗ ಯಾರೂ ಮಾತಾಡಬಾರದು.

ಹಲಸು. ಏಳು ಮರದ ಹಲಸು ಮುಗಿಸೋಕೆ ಮನೆಯಲ್ಲಿ ಮದುವೆಯೇ ಆಗಬೇಕು. ನಿಮ್ಮ ಕಡೆ ಇದು ಬರೀ ಅಡುಗೆ ವಿಷಯವೂ ಅಲ್ಲ. ವಿರಾಜಪೇಟೆ, ಸಿದ್ದಾಪುರ, ಪೊನ್ನಂಪೇಟೆ ಸುತ್ತ ತೋಟಕ್ಕೆ ಆನೆ ಬರೋಕೆ ಹಲಸಿನ ಹಣ್ಣೂ ಒಂದು ಕಾರಣ. ಹಣ್ಣಾದ ವಾಸನೆ ಅದಕ್ಕೆ ದೂರದಿಂದಲೇ ಸಿಗುತ್ತೆ. ಆದ್ದರಿಂದ ಮನೆ ಹತ್ತಿರದ ಮರ, ಲೈನ್‌ಮನೆ (ತೋಟದ ಕೆಲಸದವರ ಸಾಲುಮನೆ) ದಾರಿಯ ಮರ, ಇವುಗಳ ಕಾಯಿಯನ್ನು ಹಣ್ಣಾಗೋಕೆ ಬಿಡದೆ ಈ ವಾರವೇ ಇಳಿಸಿಬಿಡಿ. ತಿಂದ ಸಿಪ್ಪೆ, ರಚ್ಚೆ ಹಿತ್ತಲಲ್ಲಿ ರಾಶಿ ಹಾಕಬೇಡಿ. ದನಕ್ಕೆ ಹಾಕಿ ಅಥವಾ ಗುಂಡಿ ತೆಗೆದು ಮುಚ್ಚಿ. ಬೆಳಗಿನ ಜಾವ, ಮಬ್ಬುಗತ್ತಲಲ್ಲಿ, ಬಿದ್ದ ಹಣ್ಣು ನೋಡೋಕೆ ಅಂತ ಮರದ ಬುಡಕ್ಕೆ ಹೋಗಲೇಬೇಡಿ. ಒಂದು ಹಣ್ಣಿಗಾಗಿ ಯಾರೂ ಅಷ್ಟು ದೊಡ್ಡ ಧೈರ್ಯ ಮಾಡಬೇಕಿಲ್ಲ.

ಇಳಿಸಿದ ಕಾಯಿಗೆ ಕೆಲಸ ಇದೆ. ಬಲಿತಿದ್ದು ಇನ್ನೂ ಹಣ್ಣಾಗದ ಕಾಯಿ ಉಪ್ಪಿನ ಸೊಳೆಗೆ ಬೇಕು. ಗಟ್ಟಿ ಸೊಳೆಯ ಬಕ್ಕೆ ಆದರೆ ಒಳ್ಳೇದು, ಮೆದು ಸೊಳೆಯ ಬಿಳುವ ಮೆತ್ತಗಾಗಿಬಿಡುತ್ತೆ. ಕೈಗೆ, ಕತ್ತಿಗೆ ಎಣ್ಣೆ ಸವರಿ, ಸೊಳೆ ಬಿಡಿಸಿ, ಬೀಜ ತೆಗೆದು ಉದ್ದಕ್ಕೆ ಸೀಳಿ. ತೊಳೆಯಬೇಡಿ. ಮಾವಿನ ಹಾಗೇ ಪದರ ಪದರವಾಗಿ ಉಪ್ಪು, ಮೇಲೆ ಭಾರ. ಸೊಳೆ ತಾನೇ ನೀರು ಬಿಡುತ್ತೆ. ಅಡುಗೆಗೆ ಬೇಕಾದಾಗ ಹಿಂದಿನ ರಾತ್ರಿ ತೆಗೆದು ನೀರಲ್ಲಿ ನೆನೆಸಿ, ಎರಡು ಸಲ ನೀರು ಬದಲಿಸಿ, ಹಿಂಡಿ ಪಲ್ಯ ಮಾಡಿ. ಪಲ್ಯಕ್ಕೆ ಮತ್ತೆ ಉಪ್ಪು ಹಾಕೋಕೆ ಕೈ ಹೋಗುತ್ತೆ ನೋಡಿ, ಅಲ್ಲಿ ಎಚ್ಚರ. ಮನೆಯಲ್ಲಿ ಬಿಪಿ ಇರುವವರಿಗೆ ಇದನ್ನು ದಿನಾ ಬಡಿಸಬೇಡಿ.

ಬೀಜವನ್ನು ತೊಳೆದು, ನೆರಳಲ್ಲಿ ಎರಡು ದಿನ ಆರಿಸಿ, ಕೆಮ್ಮಣ್ಣು ಕಲಸಿ ಮೈಗೆ ಸವರಿ ಮತ್ತೆ ಒಣಗಿಸಿ. ಆ ಮಣ್ಣಿನ ಅಂಗಿ ಬೀಜ ಸುಕ್ಕುಗಟ್ಟದ ಹಾಗೆ, ಹುಳ ಹಿಡಿಯದ ಹಾಗೆ ಕಾಯುತ್ತೆ. ಒಲೆ ಮೇಲಿನ ಅಟ್ಟ ನಿಮ್ಮಲ್ಲಿ ಇನ್ನೂ ಇದ್ದರೆ ಅಲ್ಲಿಡಿ, ಹೊಗೆ ತಾಗಿದಷ್ಟೂ ಒಳ್ಳೇದು. ಗ್ಯಾಸ್ ಮಾತ್ರ ಅಂದರೆ ಬಿದಿರಿನ ಬುಟ್ಟಿ, ಗಾಳಿಯಾಡುವ ಜಾಗ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ಹತ್ತೇ ದಿನಕ್ಕೆ ಮೊಳಕೆ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಕುಂಬಳವನ್ನು ತೊಟ್ಟು ಉಳಿಸಿ ಕಿತ್ತು, ನೆಲಕ್ಕೆ ತಾಗದ ಹಾಗೆ ಇಟ್ಟರೆ ತಿಂಗಳುಗಟ್ಟಲೆ ಕೆಡಲ್ಲ. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗಲ್ಲ. ಬಲಿತ ಮೇಲೆ ತೊಟ್ಟು ಸಮೇತ ಕಿತ್ತು, ಒಳಗೆ ಒಂದು ವಾರ ಇಡಬೇಕು. ಅದನ್ನು ಕಾಪಿಡೋ ದಾರಿ ಹುಡುಕಬೇಡಿ, ಪಕ್ಕದ ಮನೆಗೆ ಕೊಡಿ. ಗಾಂಧಾರಿ ಮೆಣಸು ಒಣಗಲಿಲ್ಲ ಅಂತ ಬೇಜಾರು ಬೇಡ. ತೊಟ್ಟು ಸಮೇತ ಸೀಸೆಗೆ ಹಾಕಿ, ಉಪ್ಪು ಬೆರೆಸಿದ ವಿನೆಗರ್ ಮುಳುಗುವಷ್ಟು ಸುರಿದರೆ ವರ್ಷ ನಡೆಯುತ್ತೆ. ಅಂದಹಾಗೆ ನೀವು ನೆಡದಿದ್ದರೂ ಈ ಗಿಡ ತೋಟದ ತುಂಬಾ ಹೇಗೆ ಬಂತು ಅಂತ ಯೋಚಿಸಿದ್ದೀರಾ? ಹಕ್ಕಿಗಳಿಗೆ ಮೆಣಸಿನ ಖಾರ ತಾಗಲ್ಲ. ಹಣ್ಣು ತಿಂದು ಎಲ್ಲೆಲ್ಲೋ ಕೂತು ಬಿತ್ತಿ ಹೋಗುತ್ತವೆ.

ಈಗ ಕಾಡಿನ ಪ್ರಶ್ನೆ. ಇಲ್ಲಿ ನನ್ನ ಮಾತು ಸ್ವಲ್ಪ ಬಿಗಿ ಅನಿಸಬಹುದು.

ತೋಟದ ಅಂಚಿನ ಸೊಪ್ಪು ಕೀಳುವ ಮೊದಲು ಅಲ್ಲಿ ಏನು ಹೊಡೆದಿದ್ದಾರೆ ಅಂತ ಕೇಳಿ. ಮಳೆಗೆ ಮುಂಚೆ ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ ಅನ್ನುವ ರೋಗದ ಮದ್ದು ಹೊಡೆಯುವ ಕಾಲ ಇದು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದು ಮರದಿಂದ ಸೋರಿ ಕೆಳಗಿನ ಕೆಸದ ಎಲೆ ಮೇಲೆ ನೀಲಿ ಚುಕ್ಕೆಯಾಗಿ ಕೂರುತ್ತೆ. ಅದಾದರೂ ಕಣ್ಣಿಗೆ ಕಾಣುತ್ತೆ, ಕಳೆನಾಶಕ ಕಾಣಲ್ಲ. ಪಕ್ಕದ ತೋಟದ ರೈಟರ್ (ಲೆಕ್ಕ ಬರೆಯುವವರು) ಹತ್ತಿರ ಒಂದು ಮಾತು ಕೇಳೋಕೆ ನಾಚಿಕೆ ಬೇಡ.

ಕೆಸದಲ್ಲಿ ನಾನೇ ಪೆಟ್ಟು ತಿಂದವಳು. ಚರಂಡಿ ಪಕ್ಕ ಸೊಂಪಾಗಿ ಬೆಳೆದಿತ್ತು ಅಂತ ತಂದು, ಬೇರೆ ಸೊಪ್ಪಿನ ಹಾಗೆ ಹತ್ತು ನಿಮಿಷ ಬೇಯಿಸಿದೆ. ಎರಡು ತುತ್ತಿಗೆ ಗಂಟಲಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ನಿಜಕ್ಕೂ ಅದು ಸೂಜಿಯೇ. ಕ್ಯಾಲ್ಸಿಯಂ ಆಕ್ಸಲೇಟ್‌ನ ಸಣ್ಣ ಸಣ್ಣ ಹರಳುಗಳು. ಕೆಸ ಚೆನ್ನಾಗಿ, ಹೊತ್ತು ಹಿಡಿದು ಬೇಯಬೇಕು, ಜೊತೆಗೆ ಹುಣಸೆ ಅಥವಾ ಕಾಚಂಪುಳಿಯ ಹುಳಿ ಬೇಕೇ ಬೇಕು. ಮಳೆ ಹಿಡಿದ ಮೇಲೆ ಮರದ ಕವಲಲ್ಲಿ ಬರುವ ಮರಕೆಸ ಇದೆಯಲ್ಲ, ತುರಿಕೆ ಕಡಿಮೆ, ಪತ್ರೊಡೆಗೆ ಅದೇ ಚೆನ್ನ. ಆದರೂ ಹುಳಿ ಬಿಡಬೇಡಿ.

ಕಾಚಂಪುಳಿ ಅಂದೆನಲ್ಲ. ನಿಮ್ಮ ತೋಟದಲ್ಲಿ ಪಣಪುಳಿ ಮರ, ಕನ್ನಡದಲ್ಲಿ ಉಪ್ಪಾಗೆ, ಇದೆಯಾ ನೋಡಿಸಿ. ಅದರ ಹಣ್ಣು ಮಳೆಗಾಲದ್ದು. ಬಿದ್ದ ಹಣ್ಣು ಆರಿಸಿ, ಬೀಜ ತೆಗೆದು, ಬುಟ್ಟಿಯಲ್ಲಿ ಪೇರಿಸಿ ಕೆಳಗೆ ಪಾತ್ರೆ ಇಟ್ಟರೆ ದಿನಗಟ್ಟಲೆ ರಸ ತೊಟ್ಟಿಕ್ಕುತ್ತೆ. ಅದನ್ನು ಸಣ್ಣ ಉರಿಯಲ್ಲಿ ಕಾಯಿಸುತ್ತಾ ಹೋದರೆ ಕಪ್ಪಗೆ, ಪಾಕದ ಹಾಗೆ ಬರುತ್ತೆ, ಅದೇ ಕಾಚಂಪುಳಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಆ ಹುಳಿ ಲೋಹ ತಿನ್ನುತ್ತೆ. ಮಣ್ಣಿನ ಮಡಕೆ ಅಥವಾ ಸ್ಟೀಲ್ ಆಗಲಿ. ಒಂದು ಬುಟ್ಟಿ ಹಣ್ಣಿಗೆ ಸಿಗೋದು ಸಣ್ಣ ಸೀಸೆ ಅಷ್ಟೇ. ಒಂದು ಕೆಜಿ ಪಂದಿ ಕರಿಗೆ ಒಂದು ಚಮಚ ಸಾಕಾದ್ದರಿಂದ ಆ ಸೀಸೆ ಬಹಳ ದಿನ ಬರುತ್ತೆ.

ಕಣಿಲೆ ತರುವುದಾದರೆ ನಿಮ್ಮ ಸ್ವಂತ ಬಿದಿರು ಮೆಳೆಯಿಂದ ಮಾತ್ರ. ಮೀಸಲು ಅರಣ್ಯಕ್ಕೆ ಕಾಲಿಡಬೇಡಿ. ದೇವರಕಾಡಿನಿಂದ ಒಂದು ಎಲೆಯೂ ಬೇಡ. ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಕೊಡಗಲ್ಲಿ ಉಳಿದಿರುವುದು ಜನ ಅಲ್ಲಿಂದ ಕೈ ತಡೆದಿದ್ದಕ್ಕೆ. ಮೆಳೆಯಲ್ಲಿ ಕೂಡ ಎಲ್ಲಾ ಕಣಿಲೆ ಮುರಿದರೆ ಮುಂದಿನ ವರ್ಷಕ್ಕೆ ಬಿದಿರು ಇರಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಹೊರಗಿನ ಹಾಳೆ ಸುಲಿಯುವಾಗ ರೋಮ ಚುಚ್ಚುತ್ತೆ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಲ್ಲಿಡಿ, ದಿನಾ ನೀರು ಬದಲಿಸಿ. ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿ. ಮನೆಯೆಲ್ಲಾ ಒಂದು ಥರ ಹುಳಿ ವಾಸನೆ ಬರುತ್ತೆ. ಮೈಸೂರಿಂದ ನೆಂಟರು ಬರುವ ದಿನ ನೋಡಿಕೊಂಡು ನೆನೆಹಾಕಿ. ಇನ್ನೊಂದು ಮಾತು: ಬೇಯಿಸಿದ ಕಣಿಲೆಯನ್ನು ಉಪ್ಪು, ಹುಳಿ ಸರಿಯಾಗಿ ಇಲ್ಲದೆ ಎಣ್ಣೆಯಲ್ಲಿ ಮುಳುಗಿಸಿ ಸೀಸೆಯಲ್ಲಿ ಮುಚ್ಚಿಡುವುದು ಬೇಡ. ಎಣ್ಣೆ ಗಾಳಿಯನ್ನು ತಡೆಯುತ್ತೆ ನಿಜ. ಬೊಟುಲಿಸಂ ತರುವ ಬ್ಯಾಕ್ಟೀರಿಯಾಗೆ ಬೇಕಿರುವುದೂ ಗಾಳಿ ಇಲ್ಲದ ಜಾಗವೇ. ಆ ವಿಷಕ್ಕೆ ವಾಸನೆಯೂ ಇರಬೇಕು ಅಂತಿಲ್ಲ.

ಅಣಬೆ ನೀವೊಬ್ಬರೇ ಆರಿಸಬೇಡಿ. ಇದನ್ನು ಮೆದುವಾಗಿ ಹೇಳೋಕೆ ನನಗೆ ಬರಲ್ಲ. ಗುಡುಗಿದ ಮೇಲೆ ಹುತ್ತದ ಹತ್ತಿರ ಏಳುವ ಕುಮ್ಮು ಅಣಬೆ ಎಷ್ಟು ರುಚಿ ಅಂತ ನನಗೂ ಗೊತ್ತು. ಆದರೆ ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ವಿಷ, ಹುಳ ತಿಂದಿದ್ದರೆ ಒಳ್ಳೇದು, ಇವೆಲ್ಲ ಸುಮ್ನೆ ಮಾತು. ಫೋನಿನಲ್ಲಿ ಫೋಟೋ ಹೊಡೆದು ಹೆಸರು ಹುಡುಕುವುದನ್ನೂ ನಂಬಬೇಡಿ. ಕೆಲವು ವಿಷದ ಅಣಬೆ ತಿಂದ ಆರು ಗಂಟೆಯಿಂದ ಒಂದು ದಿನದವರೆಗೆ ಏನೂ ಆಗಲ್ಲ. ವಾಂತಿ ಶುರುವಾಗುವ ಹೊತ್ತಿಗೆ ವಿಷ ಲಿವರ್ ಸೇರಿರುತ್ತೆ. ನಿಮ್ಮ ಲೈನ್‌ಮನೆಯಲ್ಲಿ ಯರವ, ಕುರುಬ ಬುಡಕಟ್ಟಿನ ಹೆಂಗಸರಿದ್ದರೆ ಅವರಲ್ಲಿ ವಯಸ್ಸಾದವರ ಜೊತೆ ಹೋಗಿ. ಈ ವಿಷಯದಲ್ಲಿ ನನಗಿಂತ, ನನ್ನಂಥ ಹತ್ತು ಮಂದಿಗಿಂತ ಜಾಸ್ತಿ ತಿಳಿದವರು ಅವರು. ಒಂದೇ ಜಾಗ, ಒಂದೇ ಜಾತಿ, ಎರಡು ಮೂರು ಮಳೆಗಾಲ ಅವರ ಜೊತೆ ನೋಡಿ. ಅವರು “ಇದು ಬೇಡ” ಅಂದರೆ ಕಾರಣ ಕೇಳದೆ ಬಿಡಿ. ಅವರ ಹೊತ್ತಿಗೆ ಕೂಲಿ ಕೊಡಿ, ಆರಿಸಿದ್ದರಲ್ಲಿ ಪಾಲೂ ಕೊಡಿ.

ಕಾಡಿನ ರುಚಿ ನೋಡಬೇಕು ಅನ್ನುವ ಆಸೆಗೆ ಸುಲಭದ ದಾರಿ ಮದ್ದು ಸೊಪ್ಪು. ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3ರ ಆಸುಪಾಸು, ಅಂದು ಅದಕ್ಕೆ ಹದಿನೆಂಟು ಬಗೆಯ ಮದ್ದಿನ ಗುಣ ಬರುತ್ತೆ ಅಂತ ಇಲ್ಲಿನ ನಂಬಿಕೆ. ಕಾಂಡ, ಎಲೆ ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ಬರುತ್ತೆ, ಅದರಲ್ಲಿ ಪಾಯಸ ಮಾಡುತ್ತಾರೆ. ಆ ದಿನ ಮಡಿಕೇರಿ, ವಿರಾಜಪೇಟೆ ಪೇಟೆಯಲ್ಲೇ ಕಟ್ಟು ಕಟ್ಟಿ ಮಾರುತ್ತಾರೆ, ಗುರುತು ಹಿಡಿಯುವ ಕಷ್ಟ ಇಲ್ಲ. ಮಾರನೇ ದಿನ ಮೂತ್ರ ಕೆಂಪಾದರೆ ಹೆದರಿ ಆಸ್ಪತ್ರೆಗೆ ಓಡಬೇಡಿ, ಅದು ಸೊಪ್ಪಿನ ಬಣ್ಣ.

ಕೊನೆಗೆ ಭರಣಿ. ಅಟ್ಟದಿಂದ ಇವತ್ತೇ ಇಳಿಸಿ. ಬೂದಿ ಹಾಕಿ ಉಜ್ಜಿ, ಬಿಸಿನೀರಲ್ಲಿ ತೊಳೆದು, ಬೆಳಗಿನ ಬಿಸಿಲಿಗೆ ಬೋರಲಾಗಿ ಇಡಿ. ಆಮೇಲೆ ಬಾಯಿವರೆಗೆ ನೀರು ತುಂಬಿಸಿ, ಹಳೆ ಪೇಪರ್ ಮೇಲೆ ಒಂದು ರಾತ್ರಿ ಇಟ್ಟು ನೋಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಆ ಭರಣಿಗೆ ಮಾವು ಹಾಕಿ. ಸುತ್ತ ಒದ್ದೆ ಉಂಗುರ ಕಂಡರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಅದರೊಳಗೆ ಹಳೇ ಉಪ್ಪು, ಹಳೇ ಬೂಷ್ಟು ಕೂತಿರುತ್ತೆ, ಎಷ್ಟು ತೊಳೆದರೂ ಹೋಗಲ್ಲ. ಅಂಥದ್ದರಲ್ಲಿ ಉಪ್ಪಿನಕಾಯಿ ಬೇಡ. ಹಾಗಂತ ಅತ್ತೆಯ ಭರಣಿ ಎಸೆಯಬೇಡಿ. ಮಣ್ಣು ಸವರಿದ ಹಲಸಿನ ಬೀಜ ಇಡೋಕೆ ಚೆನ್ನಾಗಿ ಆಗುತ್ತೆ, ಬಾಯಿಗೆ ಬಟ್ಟೆ ಕಟ್ಟಿದರಾಯಿತು.